ರೀಅಲಾಕ್ ಹತ್ತಿರ ಪ್ರೋಗ್ರಾಂ ಸಾಯುತ್ತಿದೆ, ಅನುಭವ ಇದ್ದವರು ಹೇಳಿ

ಫೈನಲ್ ಇಯರ್: ಸಿ ಭಾಷೆಯಲ್ಲಿ ವಿದ್ಯಾರ್ಥಿಗಳ ಪಟ್ಟಿ ಮಾಡುತ್ತಿದ್ದೇನೆ. ಅರೇ ತುಂಬಿದಾಗ ಅದರ ಜಾಗ ದೊಡ್ಡದು ಮಾಡಲು ರೀಅಲಾಕ್ (realloc). ಎರಡನೇ ಸಲ ಕರೆದಾಗ ‘ಇನ್‌ವ್ಯಾಲಿಡ್ ನೆಕ್ಸ್ಟ್ ಸೈಜ್’ ಅಂತ ನಿಲ್ಲುತ್ತೆ. ಎಲ್ಲಿ ಹುಡುಕಲಿ?

ತುಮಕೂರು ಸಿ: ಆ ಸಾಲನ್ನೇ ನೋಡುತ್ತಾ ಕೂರಬೇಡ ತಮ್ಮಾ, ಕೆಟ್ಟಿರೋದು ಅದಕ್ಕೂ ಮೊದಲು. ನನ್ನ ತಲೆಗೆ ಕಟ್ಟಿದ ಹಳೇ ಬಿಲ್ಲಿಂಗ್ ಕೋಡಿನಲ್ಲಿ ಹೆಸರಿಗೆ ಮ್ಯಾಲಕ್‌ನಿಂದ ಜಾಗ ಕೇಳುವಾಗ, ಸ್ಟ್ರ್‌ಲೆನ್ ಕೊಟ್ಟ ಉದ್ದಕ್ಕೆ ಹೆಸರಿನ ಕೊನೆ ಗುರುತಿಸುವ ಸೊನ್ನೆಯ +1 ಇರಲಿಲ್ಲ. ರಮೇಶ ಹಾಕಿದರೆ ಓಡುತ್ತೆ, ಮಂಜುನಾಥ ಹಾಕಿದರೂ ಓಡುತ್ತೆ, ಶಿವಕುಮಾರ ಬಂದರೆ ಎಡವಟ್ಟು! ಯುಟಿಎಫ್-8ರಲ್ಲಿ ಕನ್ನಡದ ಅಕ್ಷರಕ್ಕೂ ಗುಣಿತದ ಚಿಹ್ನೆಗೂ ತಲಾ 3 ಬೈಟ್. ರಮೇಶ 12, ಮಂಜುನಾಥ 21, ಶಿವಕುಮಾರ ಸರಿಯಾಗಿ 24. ಲಿನಕ್ಸಿನ ಸಿ ಲೈಬ್ರರಿ, 64 ಬಿಟ್ ಗ್ಲಿಬ್‌ಸಿ, ಎಷ್ಟೇ ಕಮ್ಮಿ ಕೇಳಿದರೂ 24 ಬೈಟ್ ಕೊಡುತ್ತೆ, ಅದಕ್ಕೇ ಚಿಕ್ಕ ಹೆಸರುಗಳು ಬಚಾವ್. 24ರ ಹೆಸರಿನ ಕೊನೆಯ ಸೊನ್ನೆ ಮಾತ್ರ ಪಕ್ಕದ ಬ್ಲಾಕಿನ ಗಾತ್ರ ಬರೆದಿಟ್ಟ ಜಾಗಕ್ಕೆ ಹೋಗಿ ಕೂತಿತ್ತು. ಮೆಮೊರಿ ತಪ್ಪು ಹಿಡಿಯುವ ಟೂಲು ವಾಲ್‌ಗ್ರಿಂಡ್ ಸಾಲಿನ ನಂಬರ್ ಸಮೇತ ತೋರಿಸಿತು. ಬೇರೆ ಯಾವ ಟೂಲೂ ಬೇಡ.

ಪಾರ್ಸರ್ ಮೇಡಂ: ‘ಬೇರೆ ಬೇಡ’ ಅಂತ ಹುಡುಗರಿಗೆ ಹೇಳಬೇಡಿ ಸರ್. ವಾಲ್‌ಗ್ರಿಂಡ್‌ನಲ್ಲಿ ಪ್ರೋಗ್ರಾಂ 10ರಿಂದ 50 ಪಟ್ಟು ನಿಧಾನ, ನಮ್ಮ ದೊಡ್ಡ ಫೈಲುಗಳಿಗೆ ಆಗಿಬರಲಿಲ್ಲ. ಅದೇ ಕೆಲಸಕ್ಕೆ ಕಂಪೈಲ್ ಮಾಡುವಾಗ ಸೇರಿಸುವ ಅಡ್ರೆಸ್ ಸ್ಯಾನಿಟೈಸರ್ ಸುಮಾರು 2 ಪಟ್ಟು, ಅಷ್ಟೇ. ನಮ್ಮ ಕೋಡಿನಲ್ಲಿ ಯಾರೋ ಅರೇ ಒಳಗಿನ ಒಂದು ಟೋಕನ್ನಿಗೆ (ಫೈಲಿನ ಒಂದು ತುಣುಕು) ಪಾಯಿಂಟರ್, ಅಂದರೆ ಅದರ ವಿಳಾಸ, ಹಿಡಿದಿಟ್ಟಿದ್ದರು. ನಮ್ಮ ಲ್ಯಾಪ್‌ಟಾಪಿನಲ್ಲಿ ಬ್ಲಾಕ್ ಇದ್ದಲ್ಲೇ ಬೆಳೆಯುತ್ತಿತ್ತು, ಎಲ್ಲಾ ಟೆಸ್ಟ್ ಪಾಸ್. ಗ್ರಾಹಕರ ಸರ್ವರಿನಲ್ಲಿ ಬ್ಲಾಕ್ ಜಾಗ ಬದಲಾಯಿಸಿತು, ಪಾಯಿಂಟರ್ ಹಳೇ ವಿಳಾಸದಲ್ಲೇ ಉಳಿಯಿತು, ತಪ್ಪು ಔಟ್‌ಪುಟ್ ಹೊರಗೆ ಹೋಯಿತು. ಬೈಸಿಕೊಂಡವಳು ನಾನು. ಸ್ಯಾನಿಟೈಸರ್ ಪ್ರತಿ ರೀಅಲಾಕ್‌ಗೂ ಬ್ಲಾಕನ್ನು ಬೇರೆಡೆಗೆ ಸಾಗಿಸುತ್ತೆ, ಮೊದಲ ಓಟದಲ್ಲೇ ಸಿಕ್ಕಿತು. ಈಗ ಪಾಯಿಂಟರ್ ಇಡಲ್ಲ, ಅರೇಯಲ್ಲಿ ಎಷ್ಟನೆಯದು ಅನ್ನುವ ಇಂಡೆಕ್ಸ್ ಇಡುತ್ತೇವೆ.

ಬೋರ್ಡ್ ಭಟ್ಟ: ನಿಮಗೆಲ್ಲ ಲ್ಯಾಪ್‌ಟಾಪಿನ ರ‍್ಯಾಮ್ ಇದೆ, ಮಾತಾಡ್ತೀರಿ. ನಮ್ಮ ಬೋರ್ಡಿಗೆ ಒಟ್ಟು 64 ಕೆಬಿ. 24 ಕೆಬಿ ಬಫರನ್ನು 48 ಮಾಡಲು ಹೋದರೆ ನಕಲು ಮುಗಿಯುವ ತನಕ ಎರಡೂ ಬೇಕು, 72 ಎಲ್ಲಿಂದ ತರೋದು? ಜಾಗ ಇಲ್ಲ ಅಂತ ನಲ್ ಬಂತು. ವೆಂಡರ್ ಕೋಡು ಅದನ್ನು ಹಳೇ ಪಾಯಿಂಟರಿಗೇ ತುಂಬಿ ಇದ್ದ ಡೇಟಾನೂ ಕಳೆಯಿತು. ಉತ್ತರವನ್ನು ಬೇರೆ ವೇರಿಯಬಲ್‌ನಲ್ಲಿ ಹಿಡಿದು ನೋಡೋಕೆ ಏನು ಕಷ್ಟ? ನಾವು ರೀಅಲಾಕನ್ನೇ ನಿಷೇಧಿಸಿದ್ದೇವೆ.

ತುಮಕೂರು ಸಿ: ಲಿನಕ್ಸಿನಲ್ಲಿ ಓವರ್‌ಕಮಿಟ್ ಇದೆ ಭಟ್ಟರೇ, ಇರುವ ರ‍್ಯಾಮಿಗಿಂತ ಜಾಸ್ತಿ ಕೇಳಿದರೂ ಒಪ್ಪುತ್ತೆ, ನಲ್ ಬರೋದೇ ಅಪರೂಪ. ಹುಡುಗನಿಗೆ ಯಾಕೆ ಹೆದರಿಸ್ತೀರಿ?

ಬೋರ್ಡ್ ಭಟ್ಟ: ಅಪರೂಪ ಅಂತ ಚೆಕ್ ಬಿಟ್ಟವರ ಕೋಡನ್ನೇ ನಾವು ಬೋರ್ಡಿಗೆ ಇಳಿಸಿ ಒದ್ದಾಡೋದು.

ಫೈನಲ್ ಇಯರ್: ಸರ್, ನನ್ನದರಲ್ಲಿ +1 ಇದೆ. ರೀಅಲಾಕ್‌ಗೆ ಪಟ್ಟಿ ಮತ್ತು ಹೊಸ ಎಣಿಕೆ 20 ಕೊಟ್ಟಿದ್ದೇನೆ.

ಪಾರ್ಸರ್ ಮೇಡಂ: 20 ಅಂದರೆ ಬರೀ 20 ಬೈಟ್ ಕಣಪ್ಪ, ಒಂದೊಂದರ ಗಾತ್ರ ಹೇಳುವ ಸೈಜ್‌ಆಫ್‌ನಿಂದ ಗುಣಿಸು. ಭಟ್ಟರೇ, ನಿಷೇಧ ಅಂತೀರಲ್ಲ, ನಿಮ್ಮ ಲೈಬ್ರರಿಯಲ್ಲಿ ರೀಅಲಾಕ್‌ಗೆ 0 ಕೊಟ್ಟು ಫ್ರೀ ಮಾಡುವ ಕೋಡು ಇಲ್ಲವೇ? ಸಿ ಭಾಷೆಯ ಹೊಸ ಮಾನದಂಡ ಸಿ23ರಲ್ಲಿ ಅದು ಅನ್‌ಡಿಫೈನ್ಡ್, ಏನಾಗುತ್ತೆ ಅಂತ ಗ್ಯಾರಂಟಿ ಇಲ್ಲ.

ಬೋರ್ಡ್ ಭಟ್ಟ: ನಾವಿನ್ನೂ ಹಳೇ ಮಾನದಂಡ ಸಿ99. ನಮ್ಮ ಕೋಡು ನೋಡದೆ ಅದರ ಮೇಲೆ ತೀರ್ಪು ಕೊಡಬೇಡಿ.