ಫಾರ್ಮ್‌ನಲ್ಲಿ ಮನೆಮಾತು ಕೇಳಿದರೆ ಕನ್ನಡ ಅಂತಲೇ ಬರೆಯಿರಿ

ಆಗಸ್ಟ್ ಹತ್ತಿರ ಬಂತು ಅಂದರೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾಗೆ ಹೊಸದಾಗಿ ಬಂದ ಕನ್ನಡಿಗರೆಲ್ಲ ಕೇಳುವ ಪ್ರಶ್ನೆ ಒಂದೇ. ಸ್ಕೂಲಿಗೆ ಸೇರಿಸುವಾಗ ಮನೆಮಾತು ಯಾವುದು ಅಂತ ಕೇಳುತ್ತಾರಲ್ಲ, ಕನ್ನಡ ಅಂತ ಬರೆಯೋದಾ, ಇಂಗ್ಲಿಷ್ ಅಂತ ಬರೆಯೋದಾ? ಇಲ್ಲಿ ಹಳಬರಾದವರು ಹೇಳುವುದು: "ಸುಮ್ನೆ ಇಂಗ್ಲಿಷ್ ಅಂತ ಹಾಕಿಬಿಡಿ. ಇಲ್ಲಾಂದ್ರೆ ಮಗುವಿಗೆ ಇಎಲ್ (ಇಂಗ್ಲಿಷ್ ಲರ್ನರ್, ಅಂದ್ರೆ ಇನ್ನೂ ಇಂಗ್ಲಿಷ್ ಕಲಿಯುತ್ತಿರುವ ಮಗು) ಅನ್ನೋ ಹಣೆಪಟ್ಟಿ ಕಟ್ಟಿ ಬೇರೆ ಕೂರಿಸುತ್ತಾರೆ." ಪ್ರೀತಿಯಿಂದಲೇ ಹೇಳುತ್ತಾರೆ, ನಿಜ. ಆದರೆ ಈ ಸಲಹೆ ಮಕ್ಕಳಿಗೆ ಒಳ್ಳೆಯದಲ್ಲ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಆ ಪ್ರಶ್ನೆ ಫಾರ್ಮ್‌ಗೆ ಸುಮ್ನೆ ಬಂದದ್ದಲ್ಲ. ಅದರ ಹಿಂದೆ ಇದೇ ಸ್ಯಾನ್ ಫ್ರಾನ್ಸಿಸ್ಕೊದ ಏಷ್ಯಾದ ಕುಟುಂಬಗಳ ಹೋರಾಟವಿದೆ. 1885ರಲ್ಲಿ ಮೇಮಿ ಟೇಪ್ ಎಂಬ ಚೀನೀ ಮೂಲದ ಹುಡುಗಿಯನ್ನು ಶಾಲೆಗೆ ಸೇರಿಸಿಕೊಳ್ಳಲಿಲ್ಲ ಅಂತ ಅವಳ ಅಪ್ಪ ಅಮ್ಮ ಕೋರ್ಟಿಗೆ ಹೋಗಿ ಗೆದ್ದರು. ಆಗ ಶಾಲಾ ಮಂಡಳಿ ಏನು ಮಾಡಿತು ಗೊತ್ತಾ? ಚೀನೀ ಮಕ್ಕಳಿಗೆ ಅಂತಲೇ ಬೇರೆ ಶಾಲೆ ತೆರೆಯಿತು. ಮುಂದೆ 1970ರಲ್ಲಿ ಮತ್ತೊಂದು ಕೇಸ್ ಆಯಿತು. ಅಷ್ಟರಲ್ಲಿ ಮಕ್ಕಳನ್ನು ಎಲ್ಲರ ಜೊತೆ ಕೂರಿಸುತ್ತಿದ್ದರು. ಆದರೆ ಇಂಗ್ಲಿಷ್ ಬಾರದ ಸುಮಾರು 2,800 ಚೀನೀ ಮಕ್ಕಳಲ್ಲಿ 1,800ರಷ್ಟು ಮಕ್ಕಳಿಗೆ ಭಾಷೆ ಕಲಿಸುವ ಯಾವ ಏರ್ಪಾಡೂ ಇರಲಿಲ್ಲ. ಕೆಳಗಿನ ಎರಡು ಕೋರ್ಟುಗಳಲ್ಲಿ ಪೋಷಕರು ಸೋತರು. 1974ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೆಲ್ಲ ಒಮ್ಮತದಿಂದ ಅವರ ಪರ ತೀರ್ಪು ಕೊಟ್ಟರು. ಒಂದೇ ಪುಸ್ತಕ, ಒಂದೇ ಟೀಚರ್, ಒಂದೇ ಕ್ಲಾಸ್ ಕೊಟ್ಟ ಮಾತ್ರಕ್ಕೆ ಸಮಾನತೆ ಆಗುವುದಿಲ್ಲ, ಪಾಠ ಅರ್ಥವೇ ಆಗದ ಮಗುವಿಗೆ ಶಾಲೆಯ ಬಾಗಿಲು ಮುಚ್ಚಿದ ಹಾಗೇ ಅನ್ನುವುದು ಆ ತೀರ್ಪಿನ ತಿರುಳು. ಲಾವ್ ವರ್ಸಸ್ ನಿಕೋಲ್ಸ್ ಅಂತ ಕೇಸಿನ ಹೆಸರು. ಇವತ್ತು ನಮ್ಮ ಮಕ್ಕಳಿಗೆ ಸಿಗುತ್ತಿರುವ ಸಹಾಯದ ಬೇರು ಅಲ್ಲಿದೆ.

ಈಗ ಕ್ಯಾಲಿಫೋರ್ನಿಯಾದಲ್ಲಿ ಏನಾಗುತ್ತದೆ ನೋಡಿ. ಫಾರ್ಮ್‌ನಲ್ಲಿ ನಾಲ್ಕು ಪ್ರಶ್ನೆ ಇರುತ್ತವೆ. ಮಗು ಮೊದಲು ಕಲಿತ ಮಾತು ಯಾವುದು, ಮನೆಯಲ್ಲಿ ಅದು ಜಾಸ್ತಿ ಆಡುವ ಮಾತು ಯಾವುದು, ನೀವು ಮಗುವಿನ ಜೊತೆ ಯಾವ ಭಾಷೆ ಆಡುತ್ತೀರಿ, ಮನೆಯ ದೊಡ್ಡವರು ಯಾವ ಭಾಷೆ ಆಡುತ್ತಾರೆ. ಮೊದಲ ಮೂರರಲ್ಲಿ ಒಂದಕ್ಕಾದರೂ ಕನ್ನಡ ಅಂತ ಬರೆದರೆ ಮೂವತ್ತು ದಿನದೊಳಗೆ ಎಲ್‌ಪ್ಯಾಕ್ ಎಂಬ ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ. ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು, ನಾಲ್ಕನ್ನೂ ನೋಡುತ್ತಾರೆ. ಮಗುವಿಗೆ ಇಂಗ್ಲಿಷ್ ಚೆನ್ನಾಗಿ ಬಂದರೆ ಮಾತು ಅಲ್ಲಿಗೇ ಮುಗಿಯಿತು, ಹಣೆಪಟ್ಟಿಯೇ ಇಲ್ಲ. ಬೆಂಗಳೂರಿನ ಇಂಗ್ಲಿಷ್ ಮೀಡಿಯಮ್‌ನಿಂದ ಬಂದ ಎಷ್ಟೋ ಮಕ್ಕಳದ್ದು ಹೀಗೇ ಮುಗಿಯುತ್ತದೆ. ಬರದಿದ್ದರೆ ದಿನಾ ಸ್ವಲ್ಪ ಹೊತ್ತು ಇಂಗ್ಲಿಷ್‌ಗೆ ಅಂತಲೇ ಪಾಠ ಸಿಗುತ್ತದೆ. ಅದಕ್ಕೆ ಹೆದರಿ ಸುಳ್ಳು ಬರೆಯಬೇಕಾ?

ನಮ್ಮ ಅಪಾರ್ಟ್‌ಮೆಂಟಿಗೆ ಶಿವಮೊಗ್ಗ ಕಡೆಯ ಒಂದು ಕುಟುಂಬ ಬಂತು. ಹುಡುಗ ಎರಡನೇ ಕ್ಲಾಸು. ಯಾರೋ ಹೇಳಿದರು ಅಂತ ಫಾರ್ಮ್ ತುಂಬಾ ಇಂಗ್ಲಿಷ್ ಅಂತ ಬರೆದಿದ್ದರು. ಲೆಕ್ಕದಲ್ಲಿ ಹುಡುಗ ಮುಂದು. ಪೇರೆಂಟ್ ಟೀಚರ್ ಮೀಟಿಂಗ್‌ನಲ್ಲಿ "ತುಂಬಾ ಒಳ್ಳೆಯ ಹುಡುಗ, ಗಲಾಟೆಯೇ ಇಲ್ಲ" ಅಂದರಂತೆ. ಒಂದು ಸಂಜೆ ಅವನ ಸೈನ್ಸ್ ನೋಟ್‌ಬುಕ್ ನೋಡಿದೆ. ಗಿಡದ ಚಿತ್ರ ಎಷ್ಟು ಚೆನ್ನಾಗಿ ಬರೆದಿದ್ದ ಅಂದರೆ ಬೇರಿನ ಸಣ್ಣ ಸಣ್ಣ ಎಳೆಯನ್ನೂ ಬಿಟ್ಟಿರಲಿಲ್ಲ. ಪ್ರತಿ ಭಾಗದಿಂದ ಗೆರೆ ಎಳೆದಿದ್ದ. ಗೆರೆಯ ತುದಿಯಲ್ಲಿ ಹೆಸರು ಬರೆಯುವ ಜಾಗ ಎಲ್ಲಾ ಖಾಲಿ. "ಇದೇನಪ್ಪ ಇದು?" ಅಂದರೆ ಬೇರು, ಕಾಂಡ, ಎಲೆ, ಮೊಗ್ಗು ಅಂತ ಪಟಪಟ ಹೇಳಿದ. ಸ್ಕೂಲಿನಲ್ಲಿ ಬಾತ್‌ರೂಮಿಗೆ ಹೋಗಬೇಕು ಅಂತ ಕೇಳಲೂ ಹಿಂಜರಿದು ಮನೆಗೆ ಬರುವ ತನಕ ತಡೆದುಕೊಳ್ಳುತ್ತಿದ್ದ ಅಂತ ಅವರಮ್ಮ ಆಮೇಲೆ ಹೇಳಿದರು. ಅವರು ಸ್ಕೂಲಿಗೆ ಪತ್ರ ಬರೆದು ಉತ್ತರ ತಿದ್ದಿಸಿದರು. ಪರೀಕ್ಷೆ ಆಯಿತು, ಪಾಠ ಶುರುವಾಯಿತು. ಈಗ ಅವನು ಮಾತಾಡುತ್ತಾನೆ, ಜಗಳವನ್ನೂ ಆಡುತ್ತಾನೆ!

ನನಗೆ ಬೇಜಾರಾಗುವುದು ಇಲ್ಲೇ. ಏಷ್ಯಾದ ಮಕ್ಕಳು ಅಂದರೆ ಓದಿನಲ್ಲಿ ಚುರುಕು, ಅವರಿಗೇನೂ ಬೇಕಿಲ್ಲ ಅನ್ನುವ ಭಾವನೆ ಇದೆ. ಏಷ್ಯನ್ ಅನ್ನುವ ಒಂದೇ ಕಾಲಮ್ಮಿನಲ್ಲಿ ಎಂಜಿನಿಯರ್ ಮಗನೂ ಇರುತ್ತಾನೆ, ಚೈನಾಟೌನಿನ ಒಂದೇ ರೂಮಿನ ಮನೆಯಿಂದ ಬರುವ ಹುಡುಗಿಯೂ ಇರುತ್ತಾಳೆ, ನೇಪಾಳದಿಂದ ಹೋದ ತಿಂಗಳು ಬಂದ ಮಗುವೂ ಇರುತ್ತದೆ. ಸರಾಸರಿ ಚೆನ್ನಾಗಿ ಕಾಣುತ್ತದೆ. ಸುಮ್ಮನೆ ಕೂತ ಮಗು ಯಾರ ಕಣ್ಣಿಗೂ ಬೀಳುವುದಿಲ್ಲ. ನಾವೇ ಇಂಗ್ಲಿಷ್ ಅಂತ ಬರೆದುಕೊಟ್ಟರೆ ಆ ಮಗುವನ್ನು ಇನ್ನೂ ಮರೆಗೆ ತಳ್ಳಿದ ಹಾಗೆ.

ಹಳಬರ ಹೆದರಿಕೆಯಲ್ಲಿ ಹುರುಳಿಲ್ಲ ಅಂತ ಹೇಳುತ್ತಿಲ್ಲ. ಕೆಲವು ಮಕ್ಕಳು ವರ್ಷಗಟ್ಟಲೆ ಇಎಲ್ ಪಟ್ಟಿಯಲ್ಲೇ ಉಳಿದುಬಿಡುತ್ತಾರೆ. ಮಿಡಲ್ ಸ್ಕೂಲಿಗೆ ಬಂದ ಮೇಲೆ ಆ ಪಾಠಕ್ಕಾಗಿ ಸಂಗೀತವೋ ಚಿತ್ರಕಲೆಯೋ ಬಿಟ್ಟುಕೊಡಬೇಕಾಗುವುದೂ ಉಂಟು. ಹಾಗಾಗಿ ಬರೆದು ಮರೆಯಬೇಡಿ. ಪ್ರತಿ ವರ್ಷ ಎಲ್‌ಪ್ಯಾಕ್ ಫಲಿತಾಂಶ ಬರುತ್ತದೆ, ಎಲ್ಲಕ್ಕಿಂತ ಮೇಲಿನ ನಾಲ್ಕನೇ ಹಂತ ಮುಟ್ಟಿದ್ದಾರಾ ನೋಡಿ. ಪಟ್ಟಿಯಿಂದ ಹೊರಬರಲು ಅದರ ಜೊತೆಗೆ ಟೀಚರ್ ಅಭಿಪ್ರಾಯ, ಓದುಬರಹದ ಅಂಕ, ಪೋಷಕರ ಅಭಿಪ್ರಾಯ ಇವೂ ಬೇಕು. ಪೋಷಕರ ಅಭಿಪ್ರಾಯ ಅಂದರೆ ನಿಮ್ಮದೇ ಮಾತು. ಫೋನ್ ಬರಲಿ ಅಂತ ಕಾಯಬೇಡಿ, ನೀವೇ ಕೇಳಿ.

ಮನೆಯಲ್ಲಿ ಅಜ್ಜಿಯೋ ಅಮ್ಮನೋ ಇಂಗ್ಲಿಷ್‌ಗೆ ತಡವರಿಸುತ್ತಾರಾ? ಮೀಟಿಂಗ್‌ಗೆ ದುಭಾಷಿ ಬೇಕು ಅಂತ ಮೊದಲೇ ಹೇಳಿ. ಕನ್ನಡಕ್ಕೂ ಫೋನಿನಲ್ಲಿ ಕೊಡಿಸಬಹುದು. ದಯವಿಟ್ಟು ಮಗುವನ್ನೇ ದುಭಾಷಿ ಮಾಡಬೇಡಿ.

ಇನ್ನೊಂದು ವಿಷಯ. ಇಎಲ್ ಮಕ್ಕಳು 21 ಅಥವಾ ಅದಕ್ಕಿಂತ ಜಾಸ್ತಿ ಇರುವ ಶಾಲೆಯಲ್ಲಿ ಪೋಷಕರ ಸಲಹಾ ಸಮಿತಿ ಇರಲೇಬೇಕು. ಈಲ್ಯಾಕ್ ಅಂತ ಕರೆಯುತ್ತಾರೆ. ನಾನು ಹೋದ ಸಭೆಗಳಲ್ಲಿ ಸ್ಪ್ಯಾನಿಷ್ ಮಾತಾಡುವ ತಾಯಂದಿರು ಕೂಸನ್ನು ಎತ್ತಿಕೊಂಡೇ ಬಂದಿರುತ್ತಾರೆ, ಚೀನೀ ಅಜ್ಜಂದಿರು ಚೀಟಿ ಹಿಡಿದು ಪ್ರಶ್ನೆ ಕೇಳುತ್ತಾರೆ. ನಮ್ಮವರು ಕಾಣುವುದೇ ಅಪರೂಪ. ಸ್ಯಾನ್ ಫ್ರಾನ್ಸಿಸ್ಕೊದ ಸರ್ಕಾರಿ ಶಾಲೆಗಳಲ್ಲಿ ಕ್ಯಾಂಟೊನೀಸ್ ಎಂಬ ಚೀನೀ ಭಾಷೆಯಲ್ಲೇ ಹೆಚ್ಚಿನ ಪಾಠ ಹೇಳುವ ಇಮ್ಮರ್ಶನ್ ಕಾರ್ಯಕ್ರಮ 1984ರಿಂದ ನಡೆಯುತ್ತಿದೆ. ಕನ್ನಡಕ್ಕೂ ಹಾಗಾಗಲಿ ಅನ್ನುವ ಅಷ್ಟು ದೂರದ ಮಾತು ಸದ್ಯಕ್ಕೆ ಬಿಡಿ. ಶಾಲೆ ಶುರುವಾದ ಮೇಲೆ ಮೊದಲ ಈಲ್ಯಾಕ್ ಸಭೆ ಯಾವತ್ತು ಅಂತ ಆಫೀಸಿನಲ್ಲಿ ಕೇಳಿಕೊಂಡು ಬನ್ನಿ. ಒಬ್ಬರೇ ಹೋಗಲು ಮುಜುಗರ ಆದರೆ ಇಲ್ಲಿ ಹೇಳಿ, ಹತ್ತಿರ ಇದ್ದರೆ ನಾನೇ ಜೊತೆಗೆ ಬರುತ್ತೇನೆ.