ಬಾ, ಬ್ಯಾಡ, ಬಿಡು: ಮರಿಗೆ ಯಾವ ಮಾತು ಕಲಿಸಿದ್ರಿ?

ನಾನು ಮೈಸೂರು ಕಡೆಯವ್ಳು, ಮದ್ವೆಯಾಗಿ ಬಂದಿದ್ದು ದಾವಣಗೆರೆಗೆ. ಮನೆಗೆ ಎರಡೂವರೆ ತಿಂಗಳ ಲ್ಯಾಬ್ರಡಾರ್ ನಾಯಿಮರಿ ಬಂದು ಹದಿನೈದು ದಿನ ಆಯ್ತು. ನಾನು ಕೂತ್ಕೋ ಅಂತೀನಿ, ಅತ್ತೆ ಕುಂದ್ರು ಅಂತಾರೆ, ಮಗ ಸಿಟ್ ಅಂತಾನೆ. ಅದು ಮೂರು ಜನರ ಮುಖಾನೂ ನೋಡಿ ಚಪ್ಪಲಿ ಎತ್ಕೊಂಡು ಹೋಗುತ್ತೆ. ಕನ್ನಡದಲ್ಲೇ ಹೇಳ್ಬೇಕಾ, ಇಂಗ್ಲಿಷಾ? ಸಾಕಿದವ್ರು ನಿಮ್ಮ ಅನುಭವ ಹೇಳಿ.

ವಿದ್ಯಾನಗರದಿಂದ:
ಅಕ್ಕಾರೆ, ನಮ್ಮನ್ಯಾಗೂ ಇದೇ ರಾಮಾಯಣ ಆಗಿತ್ತು. ಯಾವ ಭಾಷೆ ಅನ್ನೋದು ಮರಿಗೆ ಲೆಕ್ಕಕ್ಕಿಲ್ಲ ಬಿಡ್ರಿ, ಅದಕ್ಕೆ ಗೊತ್ತಾಗೋದು ಸೌಂಡ್ ಅಷ್ಟೇ. ಆದ್ರ ನಮ್ಮ ಕನ್ನಡದಾಗೆ ಒಂದು ತೊಂದ್ರೆ ಐತಿ, ಇದನ್ನ ಯಾರೂ ಮೊದ್ಲೇ ಹೇಳಲ್ಲ. ಬಾ, ಬ್ಯಾಡ, ಬಿಡು ಮೂರೂ ಶುರುವಾಗೋದು ಒಂದೇ ಥರ. ಒಂದಿನ ಕುಂದವಾಡ ಕೆರೆ ಹತ್ರ ವಾಕಿಂಗ್ ಹೋದಾಗ ನಮ್ಮದು ಎಲ್ಲಿಂದಲೋ ಕೋಳಿ ಮೂಳೆ ಕಚ್ಕೊಂಡು ನಿಂತಿತ್ತು, ನಾನು ದೂರದಿಂದ ಬ್ಯಾಡಾ ಅಂತ ಕೂಗಿದೆ, ಅದಕ್ಕೆ ಕೇಳಿಸಿದ್ದು ಬಾ ಮಾತ್ರ, ಮೂಳೆ ಬಾಯಾಗೆ ಇಟ್ಕೊಂಡೇ ಬಾಲ ಅಳ್ಳಾಡಿಸ್ಕೊಂತ ನನ್ನ ಹತ್ರ ಓಡಿ ಬಂತು. ನಾನು ದಡ್ಡ, ಬೈದು ಕಿತ್ಕೊಂಡೆ. ಆಮೇಲೆ ನಾಲ್ಕು ದಿನ ಬಾ ಅಂದ್ರೆ ಸೋಫಾ ಕೆಳಗೆ ಹೋಗಿ ಸೇರ್ಕೊಳ್ಳೋದು. ಅದ್ರದ್ದೇನ್ ತಪ್ಪು? ಕರೆದ್ರು, ಬಂತು, ಬೈಸ್ಕೊಂತು.

ಅವತ್ತಿಂದ ಬಾ ಒಂದನ್ನೇ ಇಟ್ಕೊಂಡ್ವಿ. ಬ್ಯಾಡ ಹೋಗಿ ನೋ ಆಯ್ತು. ಬಾಯಾಗಿಂದು ಬಿಡೋಕೆ ಥೂ, ಸಣ್ಣ ಮಕ್ಳು ಮಣ್ಣು ತಿಂದ್ರೆ ಅಂತೀವಲ್ಲ ಹಂಗೇ. ಥೂ ಅಂದು ಬದ್ಲಿಗೆ ಬೇರೆ ಏನಾದ್ರೂ ಕೈಯಾಗಿಟ್ಟು ತೋರಿಸಿದ್ರೆ ತಾನೇ ಬಿಡ್ತೈತಿ. ಮರಿ ಹೆಸ್ರು ಏನಿಟ್ಟೀರಿ? ಬ್ರೂನೋ ಅಂತಿದ್ರೆ ನೋ ಅನ್ನೋದು ಬ್ಯಾಡ, ಪಾಪ ಕರೆದಿದ್ದೋ ಬೈದಿದ್ದೋ ಗೊತ್ತಾಗಲ್ಲ.

ಚಿತ್ರದುರ್ಗದಿಂದ:
ನಾನಂತೂ ಪೂರ್ತಿ ಇಂಗ್ಲಿಷೇ. ಯಾಕಂದ್ರೆ ಕನ್ನಡದಲ್ಲಿ ನಾವು ಒಂದೇ ಪದಾನ ಸುಮ್ನೆ ಬಿಡಲ್ಲ ಕಣ್ರಿ, ಬಾ, ಬಾರೋ, ಬಾರಪ್ಪ, ಬಾ ಮರಿ, ಸಿಟ್ಟು ಬಂದ್ರೆ ಬರ್ತೀಯೋ ಇಲ್ವೋ. ಸಿಟ್ ಅನ್ನೋದನ್ನ ಯಾರೂ ಸಿಟ್ಟಪ್ಪ ಅನ್ನಲ್ಲ. ಇನ್ನೊಂದು, ಬಾಯಿ ಮಾತಿಗಿಂತ ಕೈ ಸನ್ನೆ ಬೇಗ ಕಲಿಯುತ್ತೆ. ತಿಂಡಿ ಹಿಡ್ಕೊಂಡು ಮೂಗಿನ ಹತ್ರದಿಂದ ತಲೆ ಮೇಲಕ್ಕೆ ಒಯ್ರಿ, ತಲೆ ಎತ್ತಿದ್ರೆ ಅಂಡು ತಾನೇ ನೆಲಕ್ಕೆ ಕೂರುತ್ತೆ, ಆಗ ಒಂದೇ ಸಲ ಸಿಟ್ ಅನ್ರಿ, ತಕ್ಷಣ ಕೊಡ್ರಿ. ತಿಂಡಿ ಹುಡುಕ್ತಾ ಡಬ್ಬಿ ಮುಚ್ಚಳ ತೆಗೆಯೋಷ್ಟರಲ್ಲಿ ಅದು ಎದ್ದಿರುತ್ತೆ, ಎದ್ದಿದ್ದಕ್ಕೆ ಕೊಟ್ಟಂಗಾಗುತ್ತೆ. ಅಮೆರಿಕದಲ್ಲಿ ಚೇಸರ್ ಅನ್ನೋ ಬಾರ್ಡರ್ ಕೋಲಿ ಜಾತಿ ನಾಯಿ 1022 ಆಟಿಕೆ ಹೆಸ್ರು ಕಲ್ತಿತ್ತಂತೆ, ನಮ್ಮದಕ್ಕೆ ಐದು ಪದ ಕಲಿಸೋಕೆ ಎರಡು ತಿಂಗಳು ಬೇಕಾಯ್ತು, ಅದೂ ದಿನಕ್ಕೆ ಮೂರು ಸಲ, ಐದೈದು ನಿಮಿಷ.

ಪಿಜೆ ಬಡಾವಣೆಯಿಂದ:
ತಿಂಡಿ ಅಂದ್ರಲ್ಲ, ನಮ್ಮೂರಾಗೆ ಮಂಡಕ್ಕಿಗೇನ್ ಬರ. ಖಾಲಿ ಮಂಡಕ್ಕಿ ನಾಲ್ಕು ಕಾಳು ಕೊಡ್ತೀನಿ, ಕುರುಂ ಅಂತ ತಿಂತೈತಿ. ಒಗ್ಗರಣೆ ಮಂಡಕ್ಕಿ, ಮಿರ್ಚಿ ಮಾತ್ರ ಕೊಡಬ್ಯಾಡ್ರಿ, ಈರುಳ್ಳಿ ಬೆಳ್ಳುಳ್ಳಿ ನಾಯಿಗೆ ವಿಷ, ರಕ್ತ ಕಡಿಮೆ ಆಗ್ತೈತಿ. ಮತ್ತೆ ಸ್ನಾನ ಮಾಡಿಸೋಕೆ, ಇಂಜೆಕ್ಷನ್‌ಗೆ ಬಾ ಅಂತ ಕರೀಬ್ಯಾಡ್ರಿ, ನೀವೇ ಹೋಗಿ ಎತ್ಕೊಳ್ರಿ.

ವಿದ್ಯಾನಗರದಿಂದ, ಮತ್ತೆ:
ದುರ್ಗದ ಅಣ್ಣಾರು ಹೇಳಿದ್ದು ಸರಿ, ಆದ್ರ ಮನ್ಯಾಗೆ ವಯಸ್ಸಾದವ್ರು ಇದ್ರೆ ಇಂಗ್ಲಿಷ್ ನಡೆಯಲ್ಲ. ಎಪ್ಪತ್ತು ವರ್ಷ ಕುಂದ್ರು ಅಂದ ಬಾಯಿ ಮರಿಗೋಸ್ಕರ ಸಿಟ್ ಅಂತೈತೇನ್ರಿ? ಮನ್ಯಾಗೆ ಯಾರ ಮಾತು ಬದ್ಲಾಗಲ್ವೋ ಅವ್ರ ಮಾತೇ ಎಲ್ರೂ ಹಿಡೀರಿ. ನಾವು ಐದು ಪದ ಕ್ಯಾಲೆಂಡರ್ ಹಿಂದೆ ಬರೆದು ಅಡುಗೆ ಮನೆ ಬಾಗ್ಲಿಗೆ ಅಂಟಿಸಿದ್ವಿ, ಹಾಲು ಹಾಕೋ ಹುಡುಗನಿಗೂ ಬಾಯಿಪಾಠ ಆಗೈತಿ.

ಪ್ರಶ್ನೆ ಕೇಳಿದವಳು:
ಎಲ್ಲರಿಗೂ ಥ್ಯಾಂಕ್ಸ್. ಹೆಸ್ರು ಬ್ರೂನೋ ಅಲ್ಲ, ಚಿನ್ನು, ಬಚಾವ್. ನಿನ್ನೆಯಿಂದ ಮನೇಲಿ ಎಲ್ರೂ ಕುಂದ್ರು. ಅತ್ತೆಗೆ ಭಾರೀ ಖುಷಿ. ಮಗನಿಗೆ ಒಂದು ಸಲ ಸಿಟ್ ಅಂದ್ರೆ ಒಂದು ರೂಪಾಯಿ ಫೈನ್ ಹಾಕಿದೀನಿ, ಸಂಜೆ ಹೊತ್ತಿಗೆ ಡಬ್ಬೀಲಿ ಹದಿನಾಲ್ಕು ರೂಪಾಯಿ ಇತ್ತು, ಅದ್ರಲ್ಲಿ ಆರು ನಂದೇ, ಕೂತ್ಕೋ ಬಾಯಿಂದ ಹೋಗ್ತಾನೇ ಇಲ್ಲ.