ಟಾಮಿ ಡಾರ್ಸಿಯ ಟ್ರಾಂಬೋನ್: ಎಳೆ ಕಡಿಯದ ಆ ನಾದ ಹೇಗೆ ಬರುತ್ತದೆ, ಯಾವ ರೆಕಾರ್ಡಿಂಗ್‌ನಿಂದ ಶುರು ಮಾಡಬೇಕು?

ಹಿತ್ತಾಳೆ_ಬಳಗ (ಪ್ರಶ್ನೆ)

ಅಮೆರಿಕದ ಟ್ರಾಂಬೋನ್ ವಾದಕ, ಬ್ಯಾಂಡ್ ನಾಯಕ ಟಾಮಿ ಡಾರ್ಸಿ ತನ್ನ ಬ್ಯಾಂಡಿನ ಗುರುತಿನ ಹಾಡಾಗಿಸಿಕೊಂಡ ‘ಐ ಆಮ್ ಗೆಟಿಂಗ್ ಸೆಂಟಿಮೆಂಟಲ್ ಓವರ್ ಯೂ’ ಕೇಳಿದರೆ ಸ್ಲೈಡ್ (ಸ್ವರ ಬದಲಿಸಲು ಹಿಂದೆಮುಂದೆ ಎಳೆಯುವ ಕೊಳವೆ) ಎಳೆದ ಸದ್ದೂ ಇಲ್ಲ, ನಾಲಿಗೆ ತಟ್ಟಿದ ಸದ್ದೂ ಇಲ್ಲ. ಮಾಮೂಲಿ ಬಿ ಫ್ಲಾಟ್ ಟೆನರ್ ಟ್ರಾಂಬೋನ್‌ನಲ್ಲಿ ಅದನ್ನೇ ಊದಲು ಹೋದರೆ ಸ್ವರಗಳ ನಡುವೆ ಉದ್ದನೆಯ ಜಾರು ಬರುತ್ತದೆ. ಅದನ್ನು ತಪ್ಪಿಸಲು ನಾಲಿಗೆ ಹಾಕಿದರೆ (ಪ್ರತಿ ಸ್ವರವನ್ನೂ ನಾಲಿಗೆಯಿಂದ ತಟ್ಟಿ ಶುರು ಮಾಡಿದರೆ) ಸಾಲೆಲ್ಲ ತುಂಡು ತುಂಡಾಗುತ್ತದೆ. ಇದಕ್ಕೆ ದಾರಿ ಏನು? ಜೊತೆಗೆ ಆತನ ವೃತ್ತಿಜೀವನ ಅರ್ಥವಾಗುವಂತೆ ಯಾವ ರೆಕಾರ್ಡಿಂಗ್‌ಗಳನ್ನು ಯಾವ ಕ್ರಮದಲ್ಲಿ ಕೇಳಬೇಕು? ಉಸಿರಿನ ಗುಟ್ಟನ್ನು ಗಾಯಕ ಫ್ರಾಂಕ್ ಸಿನಾತ್ರಾ ಆತನಿಂದಲೇ ಕಲಿತ ಅನ್ನುತ್ತಾರಲ್ಲ, ಅದರಲ್ಲಿ ಎಷ್ಟು ಹುರುಳಿದೆ?

ಏಳನೇ_ಪೊಸಿಷನ್

ಮೊದಲ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ, ಅದೇ ಸಾಕಷ್ಟು ಉದ್ದವಾಗುತ್ತದೆ.

ಡಾರ್ಸಿ ಈ ಹಾಡನ್ನು ಊದಿದ್ದು ಡಿ ಮೇಜರ್‌ನಲ್ಲಿ (ಡಿ ಸ್ವರವೇ ಆಧಾರವಾದ ಸ್ವರಶ್ರೇಣಿ), ಅದೂ ಬಹುಪಾಲು ಮೇಲಿನ ಸ್ಥಾಯಿಯಲ್ಲಿ. ಅರ್ಧ ಉತ್ತರ ಇಲ್ಲೇ ಇದೆ. ಮಧ್ಯ ಸಿ ಮೇಲಿನ ಡಿಯಿಂದ ಅದರ ಮೇಲಿನ ಡಿವರೆಗಿನ ಪೊಸಿಷನ್‌ಗಳನ್ನು (ಸ್ಲೈಡ್ ನಿಲ್ಲುವ ಏಳು ಜಾಗಗಳು, 1 ಎಲ್ಲಕ್ಕಿಂತ ಒಳಗಿನದು) ಬರೆದುಕೊಳ್ಳಿ: ಡಿ 1, ಇ 2, ಎಫ್ ಶಾರ್ಪ್ ಸ್ವಲ್ಪ ಒಳಕ್ಕೆ ತಂದ 3, ಜಿ ಸ್ವಲ್ಪ ಒಳಕ್ಕೆ ತಂದ 2, ಎ 2, ಬಿ 2, ಸಿ ಶಾರ್ಪ್ 2, ಡಿ 1. ಕೈ ಮೂರನೇ ಪೊಸಿಷನ್ ದಾಟುವುದೇ ಇಲ್ಲ. ಎ, ಬಿ, ಸಿ ಶಾರ್ಪ್ ಮೂರೂ ಎರಡನೇ ಪೊಸಿಷನ್‌ನ 8, 9, 10ನೇ ಹಾರ್ಮೋನಿಕ್‌ಗಳು (ಸ್ಲೈಡ್ ಕದಲಿಸದೆ ತುಟಿಯಿಂದಲೇ ಒಂದರ ಮೇಲೊಂದು ಬರುವ ಸ್ವರಗಳು). ಅಲ್ಲಿ ಸ್ಲೈಡ್ ಹೆಚ್ಚುಕಡಿಮೆ ನಿಂತೇ ಇರುತ್ತದೆ, ಕೆಲಸವೆಲ್ಲ ತುಟಿಯದು.

ಜಾರು ಬರುವುದು ಒಂದೇ ಹಾರ್ಮೋನಿಕ್ ಒಳಗೆ ಸ್ಲೈಡ್ ಚಲಿಸಿದಾಗ. ಹಾರ್ಮೋನಿಕ್ ಬದಲಾದರೆ ನಾದ ತಾನಾಗಿಯೇ ಮುರಿದು ಹೊಸ ಸ್ವರಕ್ಕೆ ಕೂರುತ್ತದೆ, ನಾಲಿಗೆ ಬೇಕಿಲ್ಲ. ಶ್ರುತಿ ಏರುವಾಗ ಸ್ಲೈಡ್ ಹೊರಕ್ಕೆ ಹೋದರೆ, ಅಥವಾ ಇಳಿಯುವಾಗ ಒಳಕ್ಕೆ ಬಂದರೆ, ಹಾರ್ಮೋನಿಕ್ ಬದಲಾಗಿದೆ ಎಂದೇ ಲೆಕ್ಕ. ಈಗ ಮೇಲಿನ ಪಟ್ಟಿ ನೋಡಿ. ಏರುತ್ತಾ ಹೋದರೆ ಏಳು ಹೆಜ್ಜೆಗಳಲ್ಲಿ ಎರಡಕ್ಕೆ ಮಾತ್ರ ನಾಲಿಗೆ ಬೇಕು: ಎಫ್ ಶಾರ್ಪ್‌ನಿಂದ ಜಿ, ಸಿ ಶಾರ್ಪ್‌ನಿಂದ ಡಿ. ಮಿಕ್ಕ ಐದಕ್ಕೂ ಗಾಳಿ ಮತ್ತು ತುಟಿ ಸಾಕು. ಎಲ್ಲ ಸ್ವರಕ್ಕೂ ನಾಲಿಗೆ ಹಾಕಿದ್ದರಿಂದಲೇ ನಿಮ್ಮ ಸಾಲು ತುಂಡಾಗಿರುವುದು.

ಆ ಎರಡು ಕಡೆಯೂ ‘ತೂ’ ಎಂದು ಹೊಡೆಯಬೇಡಿ, ‘ದೂ’ ಎಂದು ಮುಟ್ಟಿ ಬಿಡಿ. ನಾಲಿಗೆ ಗಾಳಿಯನ್ನು ನಿಲ್ಲಿಸಬಾರದು, ಸೀಳಿದಂತಿರಬೇಕು. ಸ್ಲೈಡ್ ಆ ಕ್ಷಣದಲ್ಲೇ ಚಲಿಸಿ ಮುಗಿದಿರಬೇಕು. ಕಲಿಯುವವರು ನಿಧಾನದ ಹಾಡು ಎಂದುಕೊಂಡು ಸ್ಲೈಡನ್ನೂ ನಿಧಾನಕ್ಕೆ ಎಳೆಯುತ್ತಾರೆ, ಅಲ್ಲೇ ಕೆಡುವುದು. ಹಾಡು ಎಷ್ಟೇ ನಿಧಾನವಿರಲಿ, ಸ್ವರದ ಪೂರ್ತಿ ಅವಧಿ ನಿಂತು ಕೊನೇ ಗಳಿಗೆಯಲ್ಲಿ ಸರಕ್ಕನೆ ಹೋಗಬೇಕು, ಮಣಿಕಟ್ಟು ಸಡಿಲವಿರಬೇಕು. ಸ್ಲೈಡ್ ಬೇಗ ಹೊರಟರೆ ಸ್ವರದ ಬಾಲ ಜೋಲುತ್ತದೆ. ಸ್ಲೈಡ್ ಚಲಿಸುವಾಗ ಗಾಳಿ ತಗ್ಗಿಸಿದರೆ ಪ್ರತಿ ಸ್ವರಕ್ಕೂ ಒಂದೊಂದು ಉಬ್ಬು ಕೇಳಿಸುತ್ತದೆ.

ಅಭ್ಯಾಸಕ್ಕೆ: ಮೊದಲು ಇಡೀ ಸಾಲಿನಷ್ಟು ಹೊತ್ತು ಒಂದೇ ಸ್ವರವನ್ನು, ಎಲ್ಲೂ ನಾಲಿಗೆಯಿಲ್ಲದೆ, ಗಾಳಿ ಒಂದೇ ಸಮ ಊದಿ. ಆಮೇಲೆ ಅದೇ ಗಾಳಿಯ ಮೇಲೆ ಸ್ಲೈಡ್ ಸೇರಿಸಿ, ಜಾರು ಬಂದರೆ ಬರಲಿ. ಕೊನೆಗೆ ಬೇಕಾದ ಎರಡು ಜಾಗಕ್ಕೆ ಮಾತ್ರ ‘ದೂ’ ಹಾಕಿ. ಈ ಕ್ರಮ ತಿರುಗಿಸಬೇಡಿ.

ಶ್ರುತಿಯ ಬಗ್ಗೆ ಒಂದು ಮಾತು. 7ನೇ ಹಾರ್ಮೋನಿಕ್ ಹುಟ್ಟಿನಿಂದಲೇ ಸುಮಾರು 31 ಸೆಂಟ್ ತಗ್ಗು (ಅರ್ಧ ಸ್ವರಕ್ಕೆ 100 ಸೆಂಟ್). ಎಫ್ ಶಾರ್ಪ್, ಜಿ ಎರಡೂ ಅದರದ್ದೇ ಆದ್ದರಿಂದ ಸ್ಲೈಡನ್ನು ಹೆಚ್ಚುಕಡಿಮೆ ಎರಡೂವರೆ ಸೆಂಟಿಮೀಟರ್ ಒಳಕ್ಕೆ ತರಬೇಕು. 5 ಮತ್ತು 10ನೇ ಹಾರ್ಮೋನಿಕ್‌ಗಳೂ 14 ಸೆಂಟ್‌ನಷ್ಟು ತಗ್ಗು, ಅಂದರೆ ಎರಡೂ ಡಿಗಳು. ಒಂದನೇ ಪೊಸಿಷನ್‌ಗಿಂತ ಒಳಕ್ಕೆ ಜಾಗವಿಲ್ಲ. ಹಾಗಾಗಿ ಟ್ಯೂನಿಂಗ್ ಸ್ಲೈಡ್ (ವಾದ್ಯದ ಒಟ್ಟು ಶ್ರುತಿ ಹೊಂದಿಸುವ ಕೊಳವೆ) ತುಸು ಒಳಗೆ ತಳ್ಳಿ, ನಿಮ್ಮ ಒಂದನೇ ಪೊಸಿಷನ್ ತುದಿಗಿಂತ ಸುಮಾರು ಒಂದು ಸೆಂಟಿಮೀಟರ್ ಹೊರಗಿರುವಂತೆ ಹೊಂದಿಸಿಕೊಳ್ಳಿ. ಆಗ ಡಿ ಬಂದಾಗ ಒಳಕ್ಕೆ ಸರಿಯಲು ಜಾಗ ಸಿಗುತ್ತದೆ.

ಮೂರು_ನಿಮಿಷದ_ತಟ್ಟೆ

ಎರಡನೇ ಪ್ರಶ್ನೆಗೆ. ಹಾಡುಗಳ ಪಟ್ಟಿಯಷ್ಟೇ ಕೊಟ್ಟರೆ ಡಾರ್ಸಿ ಒಬ್ಬ ಮಧುರ ಸಂಗೀತಗಾರನಾಗಿ ಮಾತ್ರ ಕಾಣುತ್ತಾನೆ. ಆತ ಬ್ಯಾಂಡ್ ಕಟ್ಟಿದ ರೀತಿಯನ್ನೂ ಜೊತೆಗೆ ನೋಡಬೇಕು.

ಹುಟ್ಟಿದ್ದು 1905ರ ನವೆಂಬರ್ 19, ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಊರು ಶೆನಂಡೋವಾ. ತಂದೆ ಬ್ಯಾಂಡ್ ಮಾಸ್ಟರ್. ಅಣ್ಣ ಜಿಮ್ಮಿ ಸ್ಯಾಕ್ಸೋಫೋನ್, ಕ್ಲಾರಿನೆಟ್ ಹಿಡಿದ. ಸ್ಕ್ರ್ಯಾಂಟನ್ ಸೈರನ್ಸ್, ಜೀನ್ ಗೋಲ್ಡ್‌ಕೆಟ್, ಪಾಲ್ ವೈಟ್‌ಮನ್ ತಂಡಗಳನ್ನು ದಾಟಿ ಇಬ್ಬರೂ ನ್ಯೂಯಾರ್ಕಿನ ರೇಡಿಯೋ ಮತ್ತು ಸ್ಟುಡಿಯೋಗಳಲ್ಲಿ ಕೈತುಂಬ ಕೆಲಸ ಮಾಡಿದರು. ಆ ಕಾಲದಲ್ಲಿ ಟಾಮಿ ಟ್ರಂಪೆಟ್‌ನಲ್ಲೂ ಜಾಸ್ ರೆಕಾರ್ಡ್ ಮಾಡಿದ್ದಾನೆ. ಒರಟು, ಬಿಸಿ ಬಿಸಿ ನುಡಿಕೆ. ಟ್ರಾಂಬೋನ್‌ನ ನಯ ಸ್ವಭಾವದಿಂದ ಬಂದದ್ದಲ್ಲ, ಆರಿಸಿಕೊಂಡದ್ದು ಎಂಬುದು ಅದನ್ನು ಕೇಳಿದಾಗ ತಿಳಿಯುತ್ತದೆ.

1934ರಲ್ಲಿ ಅಣ್ಣತಮ್ಮಂದಿರ ಖಾಯಂ ಬ್ಯಾಂಡ್. ಮೂರು ಟ್ರಾಂಬೋನ್, ಒಂದೇ ಟ್ರಂಪೆಟ್ ಎಂಬ ವಿಚಿತ್ರ ಜೋಡಣೆ. ಆ ಟ್ರಾಂಬೋನ್‌ಗಳಲ್ಲಿ ಒಂದು ಗ್ಲೆನ್ ಮಿಲ್ಲರ್‌ನದು, ಅರೇಂಜ್‌ಮೆಂಟ್‌ಗಳೂ (ಹಾಡನ್ನು ಬ್ಯಾಂಡಿನ ವಾದ್ಯಗಳಿಗೆ ಹಂಚಿ ಬರೆಯುವುದು) ಹೆಚ್ಚಿನವು ಆತನವೇ. 1935ರ ಮೇ ಕೊನೆಗೆ ನ್ಯೂಯಾರ್ಕ್ ಬಳಿಯ ಗ್ಲೆನ್ ಐಲೆಂಡ್ ಕ್ಯಾಸಿನೋದಲ್ಲಿ ಒಂದು ಹಾಡಿನ ಲಯ ಜೋರಾಯಿತು ಎಂದು ಜಿಮ್ಮಿ ಆಕ್ಷೇಪಿಸಿದ. ಟಾಮಿ ವೇದಿಕೆಯಿಂದಲೇ ಹೊರನಡೆದ. ಜೋ ಹೇಮ್ಸ್ ಎಂಬಾತನ ತಂಡವನ್ನು ತನ್ನದಾಗಿಸಿಕೊಂಡು ಹೊಸ ಬ್ಯಾಂಡ್ ಶುರು ಮಾಡಿದ.

ಇಲ್ಲಿಂದ ಕೇಳಲು ಶುರು ಮಾಡಿ. 1937ರ ಜನವರಿ 29ರಂದು ಒಂದೇ ದಿನ ರೆಕಾರ್ಡ್ ಆಗಿ ಒಂದೇ ಗ್ರಾಮಫೋನ್ ತಟ್ಟೆಯ ಎರಡು ಮಗ್ಗುಲಲ್ಲಿ ಬಂದ ‘ಮೆರೀ’ ಮತ್ತು ‘ಸಾಂಗ್ ಆಫ್ ಇಂಡಿಯಾ’. ಎರಡರಲ್ಲೂ ಬನಿ ಬೆರಿಗನ್‌ನ ಟ್ರಂಪೆಟ್ ಸೋಲೋ ಇದೆ. ಆತ ಬ್ಯಾಂಡಿನಲ್ಲಿದ್ದದ್ದು ಕೆಲವೇ ವಾರ; ಆದರೆ ‘ಮೆರೀ’ಯ ಸೋಲೋ ಎಷ್ಟು ಹಿಡಿಸಿತೆಂದರೆ ಮುಂದೆ ಅದನ್ನು ಇಡೀ ಟ್ರಂಪೆಟ್ ಸಾಲಿಗೆ ಬರೆಸಿ ನುಡಿಸಿದರು. ಡಾರ್ಸಿಯ ಜಾಣತನ ಇಂಥ ಕಡೆ ಕಾಣುತ್ತದೆ: ಸೋಲೋ ನುಡಿಸುವವನು ಹೋದರೂ ಅವನ ಸಂಗೀತವನ್ನು ಹೋಗಲು ಬಿಡಲಿಲ್ಲ. ಆಮೇಲೆ 1938ರ ‘ಬೂಗಿ ವೂಗಿ’.

ದೊಡ್ಡ ತಿರುವು 1939. ಜಿಮ್ಮಿ ಲನ್ಸ್‌ಫೋರ್ಡ್ ಬ್ಯಾಂಡಿನಿಂದ ಅರೇಂಜರ್ ಸೈ ಆಲಿವರ್‌ನನ್ನು ಟಾಮಿ ಕರೆತಂದ. ಅದೇ ವರ್ಷ ಡ್ರಮ್ಸ್‌ಗೆ ಬಡ್ಡಿ ರಿಚ್. 1940ರ ಆರಂಭಕ್ಕೆ ಹ್ಯಾರಿ ಜೇಮ್ಸ್ ತಂಡದಿಂದ ಫ್ರಾಂಕ್ ಸಿನಾತ್ರಾ. ಒಂದೇ ಬ್ಯಾಂಡು ಆಲಿವರ್ ಬರೆದದ್ದನ್ನು ಗಟ್ಟಿ ಸ್ವಿಂಗ್‌ನಲ್ಲಿ (ಕುಣಿಸುವ ಜಾಸ್ ಲಯ) ಹೊಡೆಯುತ್ತಿತ್ತು, ಮರುಕ್ಷಣ ಪಿಸುಮಾತಿನಂಥ ಹಾಡಿಗೆ ಇಳಿಯುತ್ತಿತ್ತು. ಪಿಸುಮಾತಿಗೆ 1940ರ ಮೇ ತಿಂಗಳಲ್ಲಿ ರೆಕಾರ್ಡ್ ಆದ ‘ಐಲ್ ನೆವರ್ ಸ್ಮೈಲ್ ಅಗೇನ್’ ಕೇಳಿ. ಸಂಗೀತೋದ್ಯಮದ ಪತ್ರಿಕೆ ಬಿಲ್‌ಬೋರ್ಡ್ ಆ ಜುಲೈನಲ್ಲಿ ಪ್ರಕಟಿಸಿದ ಮೊದಲ ಮಾರಾಟಪಟ್ಟಿಯಲ್ಲೇ ಮೊದಲ ಸ್ಥಾನ, 12 ವಾರ. ಸ್ವಿಂಗ್‌ಗೆ 1942ರ ‘ವೆಲ್, ಗಿಟ್ ಇಟ್!’. ಆಲಿವರ್‌ನ ‘ಓಪಸ್ ಒನ್’ ಬರಲು 1944ರ ನವೆಂಬರ್‌ವರೆಗೆ ಕಾಯಬೇಕಾಯಿತು. ಸಂಗೀತಗಾರರ ಸಂಘದ ರೆಕಾರ್ಡಿಂಗ್ ಮುಷ್ಕರ 1942ರ ಆಗಸ್ಟ್‌ನಿಂದ ನಡೆದು, ಡಾರ್ಸಿಯ ರೆಕಾರ್ಡ್ ಕಂಪನಿ ವಿಕ್ಟರ್ ರಾಜಿಯಾದದ್ದು ಆಗ. ನಡುವಿನ ಎರಡು ವರ್ಷ ಹೆಚ್ಚಾಗಿ ರೇಡಿಯೋ ಪ್ರಸಾರದ ಧ್ವನಿಮುದ್ರಣಗಳಲ್ಲಿ ಸಿಗುತ್ತವೆ. ಇನ್ನೊಬ್ಬ ಬ್ಯಾಂಡ್ ನಾಯಕ ಆರ್ಟಿ ಶಾ ಬಿಟ್ಟ ತಂತಿವಾದ್ಯದವರನ್ನು ಸೇರಿಸಿಕೊಂಡು ಡಾರ್ಸಿ ಬ್ಯಾಂಡ್ ದೊಡ್ಡದು ಮಾಡಿದ್ದೂ 1942ರಲ್ಲೇ.

ಯುದ್ಧಾನಂತರ ಖರ್ಚು ಹೆಚ್ಚಿ ನೃತ್ಯಮಂದಿರದ ಜನ ಕಡಿಮೆಯಾದರು. 1946ರ ಕೊನೆಗೆ ಹಲವು ದೊಡ್ಡ ಬ್ಯಾಂಡ್‌ಗಳ ಜೊತೆ ಡಾರ್ಸಿಯೂ ತಂಡ ವಿಸರ್ಜಿಸಿದ, ಮತ್ತೆ ಕಟ್ಟಿದ. 1953ರಲ್ಲಿ ಜಿಮ್ಮಿ ಮರಳಿ ಜೊತೆಯಾದ. ಇಬ್ಬರೂ ನಡೆಸಿದ ‘ಸ್ಟೇಜ್ ಶೋ’ದಲ್ಲಿ 1956ರ ಜನವರಿ 28ರಂದು ಎಲ್ವಿಸ್ ಪ್ರೀಸ್ಲಿ ಮೊದಲ ಬಾರಿಗೆ ರಾಷ್ಟ್ರೀಯ ಟಿವಿಯಲ್ಲಿ ಕಾಣಿಸಿಕೊಂಡ. ಅದೇ ವರ್ಷ ನವೆಂಬರ್ 26ರಂದು ಕನೆಕ್ಟಿಕಟ್‌ನ ಗ್ರೀನಿಚ್‌ನಲ್ಲಿ, ಭಾರೀ ಊಟದ ನಂತರ ನಿದ್ದೆಮಾತ್ರೆಯ ಮಂಪರಿನಲ್ಲಿ ಉಸಿರುಗಟ್ಟಿ ಟಾಮಿ ತೀರಿಕೊಂಡ, 51ನೇ ವಯಸ್ಸಿಗೆ. ಜಿಮ್ಮಿ ಏಳು ತಿಂಗಳೊಳಗೇ ಹೋದ.

ಹಿತ್ತಾಳೆ_ಬಳಗ

ಇಬ್ಬರಿಗೂ ಧನ್ಯವಾದ. ನಾಲಿಗೆ ಎಲ್ಲಿ ಬೇಡ ಎಂಬ ಲೆಕ್ಕ ಎಲ್ಲೂ ಇಷ್ಟು ಸ್ಪಷ್ಟವಾಗಿ ಸಿಕ್ಕಿರಲಿಲ್ಲ. ಉಸಿರಿನ ವಿಷಯ? ಇನ್ನೊಂದು ಸಂದೇಹ: ಇಷ್ಟು ನಯವಾಗಿ ಊದುವವನನ್ನು ಜಾಸ್ ವಾದಕ ಅನ್ನಬಹುದೇ?

ನೀಲಿ_ಸ್ವರ

ಉಸಿರಿನ ಮಾತು ಸಿನಾತ್ರಾ ತಾನೇ ಹೇಳಿದ್ದು. ವೇದಿಕೆಯಲ್ಲಿ ಡಾರ್ಸಿಯ ಹಿಂದೆ ಕೂತು ನೋಡುತ್ತಿದ್ದನಂತೆ; ಡಾರ್ಸಿ ತುಟಿಯ ಮೂಲೆಯಲ್ಲಿ ಸೂಜಿರಂಧ್ರದಷ್ಟು ತೆರೆದು, ಸಾಲು ಕಡಿಯದಂತೆ ಉಸಿರು ಕದಿಯುತ್ತಿದ್ದ ಎಂದು ಆತನ ವಿವರಣೆ. ಇದಕ್ಕೆ ಉಪಯೋಗವಿದೆ: ಮೌತ್‌ಪೀಸ್ ಒಳಗಿನ ತುಟಿಯ ಭಾಗ ಕದಲದೆ ಮೂಲೆಯಿಂದ ಮಾತ್ರ ಗಾಳಿ ಎಳೆದರೆ ಮುಂದಿನ ಸ್ವರ ಹುಡುಕಬೇಕಾಗುವುದಿಲ್ಲ. ಆದರೆ ಇದೊಂದನ್ನೇ ನಂಬಿದರೆ ಕೆಡುತ್ತದೆ. ನಿಮಿಷಕ್ಕೆ 80 ಬೀಟ್ ಇಟ್ಟರೆ ಎಂಟು ಬಾರ್‌ಗೆ (ಬಾರ್ ಒಂದಕ್ಕೆ ನಾಲ್ಕು ಬೀಟ್) 24 ಸೆಕೆಂಡ್. ಒಳಗಿನ ಗಾಳಿ ಖಾಲಿಯಾಗುವ ಮೊದಲೇ ಚೂರು ಚೂರು ಸೇರಿಸುತ್ತಾ ಹೋದರೆ ಹಳೆಯ ಗಾಳಿ ಎದೆಯಲ್ಲೇ ಉಳಿದು ಬಿಗಿಯುತ್ತದೆ, ಗಾಳಿ ತುಂಬಿದ್ದರೂ ಉಸಿರು ಬೇಕೆನಿಸುತ್ತದೆ. ಸಾಲಿನ ಮೊದಲು ಹೊಟ್ಟೆ, ಪಕ್ಕೆ ತುಂಬುವಂತೆ ಒಂದು ಪೂರ್ತಿ ಉಸಿರು. ಮೂಲೆಯ ಉಸಿರು ಮಧ್ಯದಲ್ಲಿ ಒಮ್ಮೆ, ಸಾಕು.

ಜಾಸ್ ವಾದಕನೇ ಎಂಬುದಕ್ಕೆ ಡಾರ್ಸಿಯ ನಡತೆಯೇ ಪ್ರಾಮಾಣಿಕ ಉತ್ತರ. 1939ರ ಮೆಟ್ರೊನೋಮ್ ಆಲ್ ಸ್ಟಾರ್ಸ್ (ಮೆಟ್ರೊನೋಮ್ ಪತ್ರಿಕೆ ಕೂಡಿಸಿದ ಹೆಸರಾಂತ ವಾದಕರ ತಂಡ) ರೆಕಾರ್ಡಿಂಗ್‌ನಲ್ಲಿ ಜಾಸ್ ಟ್ರಾಂಬೋನ್ ವಾದಕ ಜ್ಯಾಕ್ ಟೀಗಾರ್ಡನ್ ಆತನ ಜೊತೆಗಿದ್ದ. ಟೀಗಾರ್ಡನ್ ಪಕ್ಕದಲ್ಲಿ ಜಾಸ್ ಸೋಲೋ ಊದಲು ಡಾರ್ಸಿ ಒಪ್ಪಲಿಲ್ಲ. ತಾನು ನೇರ ರಾಗ ಹಿಡಿದ, ಟೀಗಾರ್ಡನ್ ಅದರ ಸುತ್ತ ಬ್ಲೂಸ್ ಹೆಣೆದ. ಹೆಸರೂ ‘ದ ಬ್ಲೂಸ್’. ಆಶುವಾಗಿ ಕಟ್ಟುವುದರಲ್ಲಿ ಟೀಗಾರ್ಡನ್, ಜೆ. ಜೆ. ಜಾನ್ಸನ್ ಇವರ ಸಾಲಿಗೆ ಡಾರ್ಸಿ ಬರುವುದಿಲ್ಲ, ಅದು ಆತನಿಗೂ ಗೊತ್ತಿತ್ತು. ಆದರೆ ಒಂದು ರಾಗವನ್ನು ಟ್ರಾಂಬೋನ್‌ನಲ್ಲಿ ಹಾಡಿಸಿದ್ದರಲ್ಲಿ ಆತನಿಗೆ ಸಾಟಿ ಇಲ್ಲ ಎಂದೇ ನನ್ನ ತೀರ್ಮಾನ, ಅದನ್ನು ಕಡಿಮೆ ಕೆಲಸ ಎಂದು ನೋಡಬಾರದು.

ಏಳನೇ_ಪೊಸಿಷನ್

ರೆಕಾರ್ಡಿಂಗ್ ಜೊತೆ ಸೇರಿಸಿ ಊದುವ ಮೊದಲು ಶ್ರುತಿ ಪರೀಕ್ಷಿಸಿ. 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು) ತಟ್ಟೆಗಳಿಂದ ಇಳಿಸಿದ ಎಷ್ಟೋ ಪ್ರತಿಗಳ ವೇಗ ಸರಿಯಿಲ್ಲ. ವೇಗ 6 ಶೇಕಡಾ ಹೆಚ್ಚಾದರೆ ಅರ್ಧ ಸ್ವರ ಏರುತ್ತದೆ, ಡಿ ಮೇಜರ್ ಹೋಗಿ ಇ ಫ್ಲಾಟ್ ಆಗುತ್ತದೆ. ಆ ಪ್ರತಿಯನ್ನು ನಂಬಿದರೆ ಪೊಸಿಷನ್ ಲೆಕ್ಕವೆಲ್ಲ ತಲೆಕೆಳಗು, ಸಾಲುಗಳೂ ನಿಜಕ್ಕಿಂತ ಗಿಡ್ಡವಾಗಿ ಕೇಳಿಸುತ್ತವೆ. ಆಡಿಯೋ ಸಾಫ್ಟ್‌ವೇರ್‌ನಲ್ಲಿ ವೇಗ ಮತ್ತು ಶ್ರುತಿ ಎರಡೂ ಒಟ್ಟಿಗೆ ಇಳಿಯುವ ಆಯ್ಕೆ ಬಳಸಿ. ಶ್ರುತಿ ಮಾತ್ರ ಇಳಿಸಿದರೆ ಲಯ ತಪ್ಪಾಗಿಯೇ ಉಳಿಯುತ್ತದೆ.